ಹೇಮಾವತಿಯ ಹಳ್ಳಗಳಲ್ಲಿ ಪಲ್ಪಿಂಗ್ ಕಾಲ

ಮೊದಲ ದಿನ: ಜಾವಳಿ

ತುಮಕೂರಿನ ನಲ್ಲಿಗಳಲ್ಲಿ ಬರುವುದು ಹೇಮಾವತಿಯ ನೀರು. ಗೊರೂರಿನ ಜಲಾಶಯದಿಂದ ನಾಲೆಯಲ್ಲಿ ಹರಿದು, ಬುಗುಡನಹಳ್ಳಿಯ ಕೆರೆಯಲ್ಲಿ ಸಂಗ್ರಹವಾಗಿ, ಶುದ್ಧೀಕರಣಗೊಂಡು ನಮ್ಮ ಮನೆ ಸೇರುವ ಈ ನೀರು ಅದಕ್ಕೂ ಮೊದಲು ಮೂಡಿಗೆರೆ ಮತ್ತು ಸಕಲೇಶಪುರದ ಕಾಫಿ ತೋಟಗಳ ನಡುವೆ ಸಣ್ಣಪುಟ್ಟ ಹಳ್ಳಗಳಾಗಿ ಹರಿದಿರುತ್ತದೆ. ಆ ಹಳ್ಳಗಳ ನೀರನ್ನು ಕಾಫಿ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆಯುವ ಕೆಲಸ, ನಡೆಯುವ ತಿಂಗಳುಗಳಲ್ಲಿ ಊರಿನವರೇ ಕೆಲವರು ಸೇರಿ ಪರೀಕ್ಷಿಸುತ್ತಾರೆಂದು ಮೂಡಿಗೆರೆಯ ಸ್ನೇಹಿತರೊಬ್ಬರು ತಿಳಿಸಿದ್ದರು. ಜನವರಿಯಲ್ಲಿ ಅವರ ಜೊತೆಗೂಡಿ ನದಿಯ ಮೂಲದಿಂದ ಸಕಲೇಶಪುರದವರೆಗೆ ಹೋಗಿ ನೋಡುವುದೆಂದು ನಿಶ್ಚಯವಾಯಿತು.

ತಂಡವೆಂದರೆ ಹೆಸರು, ನೋಂದಣಿ, ಬ್ಯಾನರುಗಳಿರುವ ಸಂಸ್ಥೆಯೇನಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರೊಬ್ಬರು, ಎರಡು ಮೂರು ಎಕರೆ ತೋಟವಿರುವ ಇಬ್ಬರು ಬೆಳೆಗಾರರು, ರಜೆಯ ದಿನಗಳಲ್ಲಿ ಬರುವ ನಾಲ್ಕಾರು ವಿದ್ಯಾರ್ಥಿಗಳು, ಮತ್ತು ದೊಡ್ಡ ತೋಟವೊಂದರಲ್ಲಿ ದೀರ್ಘಕಾಲ ಲೆಕ್ಕಪತ್ರ ನೋಡುವ ರೈಟರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು. ಎಲ್ಲರೂ ಅವರನ್ನು ರೈಟರಣ್ಣ ಎಂದೇ ಕರೆಯುತ್ತಾರೆ. ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್ ಯಾವ ಹೊತ್ತಿಗೆ ಶುರುವಾಗುತ್ತದೆ, ಕೊಳೆನೀರಿನ ತೊಟ್ಟಿ ಯಾವಾಗ ತುಂಬುತ್ತದೆ, ತುಂಬಿದ ಮೇಲೆ ಯಾರು ಏನು ಮಾಡುತ್ತಾರೆ ಎಂಬುದನ್ನೆಲ್ಲ ಒಳಗಿನಿಂದ ಬಲ್ಲವರು ತಂಡದಲ್ಲಿ ಅವರೊಬ್ಬರೇ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಕಳಸದ ರಸ್ತೆ ಹಿಡಿದು ಜಾವಳಿ ತಲುಪಿದಾಗ ಮಂಜು ಇನ್ನೂ ಪೂರ್ತಿ ಸರಿದಿರಲಿಲ್ಲ. ಬಲ್ಲಾಳರಾಯನದುರ್ಗದ ಆಸುಪಾಸಿನ ಈ ಊರು ಹೇಮಾವತಿಯ ಉಗಮಸ್ಥಾನ. ಇಲ್ಲಿಂದ ಸುಮಾರು 245 ಕಿಲೋಮೀಟರು ಹರಿದು ಅದು ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ದೇವಸ್ಥಾನಕ್ಕೆ ಕೈಮುಗಿದು ಕೆಳಗಿಳಿದರೆ ಸಿಗುವುದು ಒಂದೇ ಹೆಜ್ಜೆಗೆ ದಾಟಬಹುದಾದ ಹಳ್ಳ. ಕೆಳಗಿನ ಹಳ್ಳಗಳ ಸ್ಥಿತಿಯನ್ನು ಅಳೆಯಬೇಕಾದರೆ ಕೆಡದ ನೀರು ಹೇಗಿರುತ್ತದೆಂದು ಮೊದಲು ತಿಳಿದಿರಬೇಕು, ಆದ್ದರಿಂದ ಪ್ರತಿ ವರ್ಷವೂ ಲೆಕ್ಕ ಇಲ್ಲಿಂದಲೇ ಆರಂಭ ಎಂದು ಮೇಷ್ಟ್ರು ವಿವರಿಸಿದರು.

ಅವರ ಮೊದಲ ಸಾಧನ ಸೊಳ್ಳೆಪರದೆಯ ಬಟ್ಟೆಯನ್ನು ಮರದ ಚೌಕಟ್ಟಿಗೆ ಹೊಲಿದು ಮಾಡಿದ ಬಲೆ. ವಿದ್ಯಾರ್ಥಿನಿಯೊಬ್ಬಳು ಅದನ್ನು ಹರಿವಿಗೆ ಅಡ್ಡಲಾಗಿ ಹಿಡಿದು ನಿಂತಳು. ಮತ್ತೊಬ್ಬ ಅದರ ಮುಂದೆ ನಿಂತು ಕಾಲಿನಿಂದ ಕಲ್ಲುಗಳನ್ನು ಕೆದಕಿದ. ಬಲೆಗೆ ಬಿದ್ದದ್ದನ್ನು ಬಿಳಿಯ ತಟ್ಟೆಗೆ ಸುರಿದಾಗ ಮೊದಲು ಕಂಡದ್ದು ಕೊಳೆತ ಎಲೆಯ ಚೂರುಗಳಷ್ಟೇ. ಕಣ್ಣು ಹೊಂದಿಕೊಂಡ ಮೇಲೆ ಆ ಚೂರುಗಳಲ್ಲಿ ಅರ್ಧದಷ್ಟು ಓಡಾಡುತ್ತಿರುವುದು ತಿಳಿಯಿತು. ಮೂರು ಬಾಲದೆಳೆಗಳಿದ್ದು, ಹೊಟ್ಟೆಯ ಎರಡೂ ಬದಿಗಳಲ್ಲಿ ತೆಳ್ಳನೆಯ ಕಿವಿರುಗಳು ಬಿಡದೆ ಅಲುಗುವುದು ಮೇಫ್ಲೈ ಮರಿ. ಎರಡೇ ಬಾಲವಿದ್ದು ತುಸು ದಪ್ಪನಾಗಿರುವುದು ಸ್ಟೋನ್‌ಫ್ಲೈ ಮರಿ. ಮರಳಿನ ಕಣಗಳನ್ನು ತನ್ನದೇ ರೇಷ್ಮೆಯೆಳೆಯಿಂದ ಅಂಟಿಸಿಕೊಂಡು ಕೊಳವೆ ಕಟ್ಟಿ, ಅದರೊಳಗಿನಿಂದ ತಲೆಯನ್ನಷ್ಟೇ ಹೊರಹಾಕಿ ತೆವಳುವುದು ಕ್ಯಾಡಿಸ್ ಹುಳು.

ಈ ಹುಳುಗಳ ಲೆಕ್ಕ ಹವ್ಯಾಸಕ್ಕಾಗಿ ಅಲ್ಲ. ಸ್ಟೋನ್‌ಫ್ಲೈ, ಮೇಫ್ಲೈಗಳ ಅನೇಕ ಕುಟುಂಬಗಳಿಗೆ ನೀರಿನಲ್ಲಿ ಆಮ್ಲಜನಕ ಹೇರಳವಾಗಿರಬೇಕು. ಅದು ಕುಸಿದಾಗ ಮೊದಲು ಮಾಯವಾಗುವುವು ಇವೇ. ಕೆಸರಿನಲ್ಲಿ ಬದುಕುವ ಕೆಂಪು ಕೈರೋನೊಮಿಡ್ ಮರಿಗಳ ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಅವು ಆಮ್ಲಜನಕ ತೀರಾ ಕಡಿಮೆಯಿದ್ದರೂ ಉಳಿದುಕೊಳ್ಳುತ್ತವೆ. ಬ್ರಿಟನ್ನಿನಲ್ಲಿ ರೂಪುಗೊಂಡ ಅಂಕಪದ್ಧತಿಯೊಂದರಲ್ಲಿ ಸೂಕ್ಷ್ಮ ಕುಟುಂಬಗಳಿಗೆ 10 ಅಂಕ, ಕೈರೋನೊಮಿಡ್‌ಗಳಿಗೆ 2, ಕೆಸರಿನ ಎರೆಹುಳುಗಳಿಗೆ 1. ಸೀಸೆಯ ನೀರು ಹಿಡಿದ ಆ ಗಳಿಗೆಯ ಸಂಗತಿಯನ್ನು ಮಾತ್ರ ಹೇಳುತ್ತದೆ, ಹುಳುಗಳು ಕಳೆದ ಹಲವು ವಾರಗಳ ಸಂಗತಿಯನ್ನು ಹೇಳುತ್ತವೆ. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ವಿಚಾರ ಇದು.

ಸ್ವಲ್ಪ ಕೆಳಗೆ ಇನ್ನೊಂದು ಕವಲಿನಲ್ಲಿ ಬಲೆ ಹಾಕಿದಾಗ ತಟ್ಟೆ ಬಹುಮಟ್ಟಿಗೆ ಖಾಲಿಯಾಗಿತ್ತು. ಮೇಲೆ ತೋಟವೂ ಇರಲಿಲ್ಲ, ಮನೆಯೂ ಇರಲಿಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಈ ಭಾಗದಲ್ಲಿ ಗುಡ್ಡಗಳು ಕುಸಿದಾಗ ಬಂದ ಮಣ್ಣು ಮರಳುಗಳು ಕೆಲವು ಹಳ್ಳಗಳ ಪಾತ್ರವನ್ನೇ ಬದಲಿಸಿದ್ದು, ಕಲ್ಲಿನ ಸಂದುಗಳೆಲ್ಲ ಮುಚ್ಚಿಹೋದ ಕಡೆ ನೀರು ಶುದ್ಧವಾಗಿದ್ದರೂ ಹುಳುಗಳಿಗೆ ನೆಲೆಯಿಲ್ಲ. ಹುಳುವಿಲ್ಲವೆಂದ ಮಾತ್ರಕ್ಕೆ ಮಾಲಿನ್ಯವೆಂದು ಬರೆಯಬಾರದು ಎಂದು ಮೇಷ್ಟ್ರು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತಿದ್ದುದು ನನಗೆ ಮೆಚ್ಚಿಗೆಯಾಯಿತು. ಉತ್ಸಾಹಿಗಳ ವರದಿಗಳು ಎಡವುವುದು ಸಾಮಾನ್ಯವಾಗಿ ಇಂಥಲ್ಲೇ.

ಎರಡನೆಯ ದಿನ: ಬಣಕಲ್ ಕಡೆಯ ತೋಟಗಳು

ಬೆಳಿಗ್ಗೆ ಬಣಕಲ್ ಸುತ್ತಮುತ್ತಲಿನ ಹಳ್ಳಗಳನ್ನು ನೋಡಿದೆವು. ರಸ್ತೆಯ ಮೋರಿಗಳ ಬಳಿ ನಿಂತು ನೋಡಿದರೆ ನೀರು ತಿಳಿಯಾಗಿಯೇ ಇತ್ತು. ಮಳೆಗಾಲದಲ್ಲಿ ಉಕ್ಕುವ ಹಳ್ಳ ಈಗ ಕಲ್ಲುಗಳ ನಡುವೆ ದಾರಿ ಹುಡುಕಿಕೊಂಡು ಹರಿಯುತ್ತಿತ್ತು. ಇದನ್ನು ನೋಡಿ ನಾನು ಸಮಾಧಾನದ ಮಾತಾಡಿದಾಗ ರೈಟರಣ್ಣ ನಕ್ಕರು.

"ಹಗಲು ಬಂದ್ರೆ ಹಿಂಗೇ ಇರ್ತದೆ ಸಾರ್. ಹಣ್ಣು ತೂಕಕ್ಕೆ ಬರೋದೇ ಸಂಜೆ. ಪಲ್ಪರ್ ತಿರುಗೋದು ಆಮೇಲೆ. ತೊಟ್ಟಿ ನೀರು ಹಳ್ಳಕ್ಕೆ ಬರೋದಾದ್ರೆ ರಾತ್ರಿ ಹತ್ತರ ಮೇಲೆ."

ಅವರ ಮಾತಿನ ಹಿಂದಿನ ಕಾರಣವನ್ನು ತಿಳಿಯಲು ಪಲ್ಪಿಂಗ್ ಎಂದರೇನೆಂದು ಹೇಳಬೇಕು. ಕಾಫಿ ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದರೆ ಅದು ಚೆರ್ರಿ ಕಾಫಿ. ಅದಕ್ಕೆ ನೀರೇ ಬೇಡ, ಸಣ್ಣ ಬೆಳೆಗಾರರಲ್ಲಿ ಹೆಚ್ಚಿನವರು ಮಾಡುವುದು ಅದನ್ನೇ. ಹಣ್ಣನ್ನು ಕೊಯ್ದ ದಿನವೇ ಯಂತ್ರಕ್ಕೆ ಹಾಕಿ ಸಿಪ್ಪೆ ಸುಲಿದು, ಬೀಜಕ್ಕೆ ಅಂಟಿದ ಲೋಳೆಯನ್ನು ಹುದುಗಿಸಿಯೋ ಯಂತ್ರದಲ್ಲಿ ಉಜ್ಜಿಯೋ ತೆಗೆದು, ತೊಳೆದು ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಅದಕ್ಕೆ ಬೆಲೆಯೂ ಹೆಚ್ಚು, ನೀರೂ ಹೆಚ್ಚು. ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟನ್ನು ಬೆಳೆಯುವ ಕರ್ನಾಟಕದಲ್ಲಿ ಅರೇಬಿಕಾ ಕೊಯ್ಲು ಡಿಸೆಂಬರ್ ಜನವರಿಗಳಲ್ಲಿ, ರೋಬಸ್ಟಾ ಕೊಯ್ಲು ಅದರ ಬೆನ್ನಿಗೇ ನಡೆಯುತ್ತದೆ. ಹಳ್ಳಗಳು ದಿನದಿನಕ್ಕೆ ಇಳಿಯುವ ತಿಂಗಳುಗಳೂ ಅವೇ. ಸೇರುವ ಕೊಳೆ ಹೆಚ್ಚುತ್ತಿರುವಾಗಲೇ ಅದನ್ನು ತಿಳಿಗೊಳಿಸಬೇಕಾದ ಹರಿವು ಕಡಿಮೆಯಾಗುತ್ತಿರುತ್ತದೆ.

ಪಲ್ಪಿಂಗ್ ನೀರಿನಲ್ಲಿ ವಿಷವೆನ್ನುವಂಥದ್ದು ಹೆಚ್ಚೇನೂ ಇರುವುದಿಲ್ಲ. ಇರುವುದು ಸಕ್ಕರೆ, ಪೆಕ್ಟಿನ್, ಸಿಪ್ಪೆಯ ಒಗರಿನ ಅಂಶ. ಹಾನಿಗೆ ಕಾರಣ ಸಕ್ಕರೆಯೇ. ಅದು ಹಳ್ಳಕ್ಕಿಳಿದೊಡನೆ ಬ್ಯಾಕ್ಟೀರಿಯಾಗಳು ಮುಗಿಬಿದ್ದು ತಿನ್ನುತ್ತವೆ, ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಖಾಲಿ ಮಾಡುತ್ತವೆ, ಹುದುಗಿದ ನೀರು ಹುಳಿಯಾಗುತ್ತದೆ. ಜೈವಿಕ ಆಮ್ಲಜನಕ ಬೇಡಿಕೆ (ಬಿಒಡಿ), ಅಂದರೆ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣ, ಈ ಕೊಳೆನೀರಿನಲ್ಲಿ ಲೀಟರಿಗೆ ಸಾವಿರಾರು ಮಿಲಿಗ್ರಾಂ ಇರುತ್ತದೆ. ಕೈಗಾರಿಕೆಗಳ ನೀರನ್ನು ಹೊಳೆಗೆ ಬಿಡಲು ಇರುವ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಆದ್ದರಿಂದಲೇ ಈ ನೀರನ್ನು ಒಳಪದರವಿರುವ ತೊಟ್ಟಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತಗ್ಗಿಸಿ, ತಿಳಿಯಾದುದನ್ನು ತೋಟಕ್ಕೆ ಹಾಯಿಸಬೇಕೆಂಬುದು ಕ್ರಮ. ಮಧ್ಯಾಹ್ನ ನಾವು ಭೇಟಿ ಕೊಟ್ಟ ತೋಟವೊಂದರಲ್ಲಿ ಈ ಕ್ರಮ ಅಚ್ಚುಕಟ್ಟಾಗಿ ನಡೆಯುತ್ತಿತ್ತು. ತೊಳೆದ ನೀರನ್ನು ಮತ್ತೆ ಪಲ್ಪರಿಗೇ ತಿರುಗಿಸುತ್ತಿದ್ದರು, ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು, ಕಡಿಮೆ ನೀರು ಸಾಕಾಗುವ ಹೊಸ ಯಂತ್ರವೂ ಇತ್ತು. ಮಾಲೀಕರು ತೊಟ್ಟಿಯ ದಡದಲ್ಲಿ ನಿಂತು, "ಒಂದು ಪಲ್ಪ್ ಹೌಸ್ ತಪ್ಪು ಮಾಡಿದ್ರೆ ಹೆಸರು ಕೆಡೋದು ಎಲ್ಲ ಬೆಳೆಗಾರರದ್ದು ಮಾರಾಯ್ರೇ" ಎಂದರು. ಅದು ನ್ಯಾಯವಾದ ಮಾತು.

ರಾತ್ರಿ ಹತ್ತರ ಅನಂತರ ತಂಡ ಹೊರಟಿತು. ಅವರದ್ದೊಂದು ಕಟ್ಟುನಿಟ್ಟಿನ ನಿಯಮವಿದೆ. ಯಾರ ತೋಟದೊಳಗೂ ಕಾಲಿಡುವುದಿಲ್ಲ. ತೋಟದ ಮೇಲುಭಾಗದಲ್ಲಿ ಹಳ್ಳ ರಸ್ತೆ ದಾಟುವ ಜಾಗದಲ್ಲಿ ಒಂದು, ಕೆಳಭಾಗದ ಮೋರಿಯಲ್ಲಿ ಇನ್ನೊಂದು ಸೀಸೆ ಹಿಡಿಯುತ್ತಾರೆ. ಎರಡರ ನಡುವಿನ ವ್ಯತ್ಯಾಸವಷ್ಟೇ ಅವರ ಸಾಕ್ಷಿ.

ಮೇಲಿನ ಮೋರಿಯಲ್ಲಿ ನೀರಿಗೆ ವಾಸನೆಯಿರಲಿಲ್ಲ. ಕೆಳಗಿನ ಮೋರಿಗೆ ಬಂದಾಗ ಬೈಕು ನಿಲ್ಲಿಸುವ ಮುಂಚೆಯೇ ಹಳಸಿದ ಹಣ್ಣಿನ ಘಾಟು ಮೂಗಿಗೆ ಬಡಿಯಿತು. ಟಾರ್ಚಿನ ಬೆಳಕಿನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿತ್ತು, ಅಂಚಿನಲ್ಲಿ ನೊರೆ ನಿಂತಿತ್ತು. ಕಲ್ಲುಗಳ ಮೇಲೆ ಬೂದು ಬಣ್ಣದ ಹತ್ತಿಯಂಥ ಲೋಳೆ ಎಳೆಗಳು ಹರಿವಿನೊಂದಿಗೆ ಓಲಾಡುತ್ತಿದ್ದವು. ಅವು ಬೆಳೆಯಲು ಹಲವು ದಿನಗಳೇ ಬೇಕು. ಆದ್ದರಿಂದ ಕೊಳೆ ಬಂದದ್ದು ಆ ಒಂದು ರಾತ್ರಿ ಮಾತ್ರವಲ್ಲ ಎಂಬುದು ಸ್ಪಷ್ಟವಿತ್ತು.

ಮೇಷ್ಟ್ರು ಎರಡೂ ಜಾಗದ ನೀರನ್ನು ಗಾಳಿಗುಳ್ಳೆ ಉಳಿಯದಂತೆ ಗಾಜಿನ ಬಿರಡೆಯ ಸೀಸೆಗಳಲ್ಲಿ ತುಂಬಿ, ರಸ್ತೆಬದಿಯ ಕಲ್ಲಿನ ಮೇಲಿಟ್ಟರು. ಹಂಗೇರಿಯ ರಸಾಯನಶಾಸ್ತ್ರಜ್ಞ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನವನ್ನೇ ಅವರು ಬಳಸುತ್ತಾರೆ. ಮ್ಯಾಂಗನೀಸ್ ಸಲ್ಫೇಟ್ ದ್ರಾವಣ, ಆಮೇಲೆ ಕ್ಷಾರ ಬೆರೆತ ಅಯೊಡೈಡ್ ದ್ರಾವಣ ಹಾಕಿ, ಬಿರಡೆ ಮುಚ್ಚಿ ತಲೆಕೆಳಗು ಮಾಡಿ ಅಲುಗಿಸಬೇಕು. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣದ ಮೋಡವೆದ್ದು ತಳಕ್ಕಿಳಿಯುತ್ತದೆ, ಇಲ್ಲದಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ. ಮೇಲಿನ ಮೋರಿಯ ಸೀಸೆಯಲ್ಲಿ ಕಂದು ಮೋಡ ದಟ್ಟವಾಗಿ ಎದ್ದಿತು. ಕೆಳಗಿನದರಲ್ಲಿ ಎದ್ದದ್ದು ಬಿಳಿಯ ಮೋಡ. ಮತ್ತೊಮ್ಮೆ ಹೊಸ ನೀರು ಹಿಡಿದು ಮಾಡಿದಾಗಲೂ ಅದೇ. ಎರಡು ಸೀಸೆಗಳನ್ನೂ ಗಂಟೆ ತೋರಿಸುವ ಮೊಬೈಲಿನ ಪಕ್ಕದಲ್ಲಿಟ್ಟು ಫೋಟೊ ತೆಗೆದರು. ಹುಳಿ ಅಳೆಯುವ ಬಣ್ಣದ ಕಾಗದವೂ ಕೆಳಗಿನ ನೀರಿನಲ್ಲಿ ಕಿತ್ತಳೆಗೆ ತಿರುಗಿತು.

ವಿದ್ಯಾರ್ಥಿಯೊಬ್ಬ ಆಗಲೇ ವಿಡಿಯೊ ಮಾಡಿ ತೋಟದ ಹೆಸರಿನೊಂದಿಗೆ ವಾಟ್ಸ್ಆ್ಯಪ್ ಗುಂಪುಗಳಿಗೆ ಕಳುಹಿಸಲು ಹೊರಟಿದ್ದ. ರೈಟರಣ್ಣ ತಡೆದರು. ಮೊದಲು ಮಾಲೀಕರಿಗೆ ತಿಳಿಸಬೇಕು, ಸರಿಪಡಿಸಲು ಸಮಯ ಕೊಡಬೇಕು, ಆಮೇಲೂ ನಡೆಯದಿದ್ದರೆ ದೂರು ಎಂಬುದು ಅವರ ವಾದ. ಕಳೆದ ವರ್ಷವೂ ಹೀಗೇ ಸಮಯ ಕೊಟ್ಟಿದ್ದೆವಲ್ಲ ಎಂದು ಹುಡುಗ ಸಿಟ್ಟಾದ. ಈ ವಾದ ರಸ್ತೆಯ ಮೇಲೆ ಬಹಳ ಹೊತ್ತು ನಡೆಯಿತು. ನನ್ನ ಮನಸ್ಸು ಹುಡುಗನ ಕಡೆಗಿತ್ತು.

ಮೂರನೆಯ ದಿನ: ಗೋಣಿಬೀಡು

ಸೂರ್ಯೋದಯಕ್ಕೆ ಮುಂಚೆ ಮತ್ತೆ ಅದೇ ಮೋರಿಗಳ ಬಳಿ ಹೋದೆವು. ನೀರಿನೊಳಗಿನ ಪಾಚಿ, ಗಿಡಗಳು ಹಗಲಿನಲ್ಲಿ ಆಮ್ಲಜನಕವನ್ನು ಬಿಡುತ್ತವೆ, ರಾತ್ರಿ ತಾವೂ ಅದನ್ನು ಬಳಸುತ್ತವೆ. ಆದ್ದರಿಂದ ಯಾವುದೇ ಹಳ್ಳದಲ್ಲಿ ಆಮ್ಲಜನಕ ಅತಿ ಕಡಿಮೆಯಿರುವುದು ಬೆಳಗಿನ ಜಾವದಲ್ಲಿ. ಮೀನು ಸಾಯುವುದಿದ್ದರೂ ಆಗಲೇ. ಕೆಳಗಿನ ಮೋರಿಯಲ್ಲಿ ಬಣ್ಣ ಬಹಳಷ್ಟು ತಿಳಿಯಾಗಿತ್ತು, ವಾಸನೆ ತಗ್ಗಿತ್ತು, ಆದರೆ ಸೀಸೆಯಲ್ಲಿ ಎದ್ದ ಮೋಡ ಇನ್ನೂ ತೀರ ತೆಳು ಕಂದು. ಹನ್ನೊಂದು ಗಂಟೆಗೆ ಬಂದು ನೋಡುವವರಿಗೆ ಇದ್ಯಾವುದೂ ಕಾಣುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ, ಸೋಂಕು ನಿವಾರಣೆ ಮಾತ್ರ ಮಾಡಿ ಕುಡಿಯಬಹುದಾದ 'ಎ' ದರ್ಜೆಯ ಮೂಲದಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಂಗೆ ಕಡಿಮೆಯಿರಬಾರದು, ಸ್ನಾನಕ್ಕೆ 5, ಮೀನುಗಾರಿಕೆಗೆ 4. ಈ ಅಂಕಿಗಳೊಂದಿಗೆ ಹೋಲಿಸಿ ನೋಡುವುದು ಸಾಮಾನ್ಯವಾಗಿ ನದಿಗಳ ಮೇಲಿನ ನಿಗದಿತ ಜಾಗಗಳಲ್ಲಿ ಹಿಡಿದ ನೀರನ್ನು. ಹೆಸರಿಲ್ಲದ ಹಳ್ಳವೊಂದರ ರಾತ್ರಿಯ ನೀರನ್ನು ಅಳೆಯಲು ಆ ಊರಿನವರೇ ಎಚ್ಚರವಿರಬೇಕಾಗುತ್ತದೆ.

ಎಂಟು ಗಂಟೆಯ ಸುಮಾರಿಗೆ ಆ ಎರಡು ಮೋರಿಗಳ ನಡುವಿನ ತೋಟದ ಮಾಲೀಕರೇ ಜೀಪಿನಲ್ಲಿ ಬಂದರು. ಫೋಟೊಗಳನ್ನು ನೋಡಿದರು. ಕೂಲಿಯವರು ಕಡಿಮೆ, ಹಣ್ಣು ಒಮ್ಮೆಗೇ ಮಾಗಿದೆ, ತೊಟ್ಟಿ ತುಂಬಿ ಹರಿದಿದೆ ಎಂದರು. ತುಂಬಿದ ತೊಟ್ಟಿಯನ್ನು ತೋರಿಸಲೂ ಸಿದ್ಧರಿದ್ದರು. ಅಲ್ಲಿ ನಾವು ಕಂಡದ್ದು, ಪ್ಲಾಸ್ಟಿಕ್ ಹಾಳೆ ಹರಿದು ಒಂದು ಬದಿಯ ಮಣ್ಣು ನೆನೆದು ಕಪ್ಪಾಗಿದ್ದ ಹಳೆಯ ಗುಂಡಿ. ರೈಟರಣ್ಣ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ದಿನಕ್ಕೆ ಎಷ್ಟು ಮೂಟೆ ಹಣ್ಣು ಪಲ್ಪ್ ಆಗುತ್ತದೆ ಎಂದು ಕೇಳಿ, ಅದಕ್ಕೆ ಈ ಗುಂಡಿ ಎಷ್ಟು ದಿನಕ್ಕೆ ಸಾಕೆಂದು ಬೆರಳೆಣಿಸಿ ಹೇಳಿದರು. ಉಳಿದ ಅರೇಬಿಕಾವನ್ನು ಪಲ್ಪ್ ಮಾಡದೆ ಚೆರ್ರಿಯಾಗಿ ಒಣಗಿಸಿದರೆ ಬೆಲೆಯಲ್ಲಿ ಆಗುವ ನಷ್ಟವೆಷ್ಟು, ಹೊಸ ಹಾಳೆ ಹಾಸಲು ಆಗುವ ಖರ್ಚೆಷ್ಟು ಎಂದು ಇಬ್ಬರೂ ಅಲ್ಲೇ ನಿಂತು ಲೆಕ್ಕ ಹಾಕಿದರು. ಆ ದಿನದಿಂದಲೇ ಪಲ್ಪಿಂಗ್ ನಿಲ್ಲಿಸಿ ಹಾಳೆ ಬದಲಿಸುವುದಾಗಿ ಮಾಲೀಕರು ಒಪ್ಪಿದರು. ಹಿಂದಿನ ರಾತ್ರಿಯ ನನ್ನ ಸಿಟ್ಟು ಸ್ವಲ್ಪ ಇಳಿದದ್ದು ನಿಜ. ಮಾತು ನಡೆಯಿತೋ ಇಲ್ಲವೋ ಎಂಬುದು ಹಳ್ಳ ನೋಡಿದ ಮೇಲೆಯೇ ಗೊತ್ತಾಗುವುದೆಂಬುದೂ ನಿಜ.

ದೂರು ಕೊಡುವ ದಾರಿಯೂ ಸುಲಭದ್ದಲ್ಲ. 1974ರ ಜಲ ಕಾಯ್ದೆಯ 21ನೆಯ ಕಲಂ ಪ್ರಕಾರ ನ್ಯಾಯಾಲಯದಲ್ಲಿ ನಿಲ್ಲುವ ಮಾದರಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ಸಂಗ್ರಹಿಸಬೇಕು. ಸಂಬಂಧಪಟ್ಟವರಿಗೆ ಆಗಲೇ ನೋಟಿಸು ಕೊಟ್ಟು, ಅವರು ಬಯಸಿದರೆ ಅವರೆದುರೇ ಎರಡು ಭಾಗ ಮಾಡಿ ಮೊಹರು ಹಾಕಬೇಕು. ಊರಿನವರು ತುಂಬಿದ ಸೀಸೆಗೆ ಆ ಬೆಲೆಯಿಲ್ಲ. ಯಾವ ಮೋರಿಗೆ, ಯಾವ ಹೊತ್ತಿನಲ್ಲಿ ಬಂದರೆ ಮಾದರಿ ಸಿಗುತ್ತದೆ ಎಂಬುದನ್ನು ಅಧಿಕಾರಿಗೆ ಹೇಳಬಲ್ಲ ಶಕ್ತಿ ಮಾತ್ರ ಅದಕ್ಕಿದೆ. ಅದು ಸಣ್ಣ ಶಕ್ತಿಯೇನಲ್ಲ.

ಮಧ್ಯಾಹ್ನ ಗೋಣಿಬೀಡಿನ ಸಮೀಪದ ಹಳ್ಳಿಯೊಂದಕ್ಕೆ ಹೋದೆವು. ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂಬ ಯೋಜನೆಯಿದೆ. ಅಲ್ಲಿ ತರಬೇತಿ ಪಡೆದ ಅಕ್ಕನೊಬ್ಬರು ತಮ್ಮ ಕಿಟ್ ಪೆಟ್ಟಿಗೆಯನ್ನು ಜಗಲಿಯಲ್ಲಿ ಬಿಚ್ಚಿ ತೋರಿಸಿದರು. ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನ ಎಲ್ಲಕ್ಕೂ ಅದರಲ್ಲಿ ಸೀಸೆಗಳಿವೆ. ಕರಗಿದ ಆಮ್ಲಜನಕಕ್ಕೆ ಇಲ್ಲ. ನಲ್ಲಿ ಮತ್ತು ಕೊಳವೆಬಾವಿಯ ನೀರಿಗೆಂದು ರೂಪಿಸಿದ ಪೆಟ್ಟಿಗೆಯಾದ್ದರಿಂದ ಅದು ಸಹಜವೇ. ಆದರೆ ಮಲೆನಾಡಿನಲ್ಲಿ ಅನೇಕ ಮನೆಗಳಿಗೆ ಹಳ್ಳದಿಂದಲೇ ಪೈಪು ಎಳೆದಿರುತ್ತಾರೆ. ಕಾಫಿ ನೀರನ್ನು ಪತ್ತೆಹಚ್ಚಲು ಆ ಕಿಟ್ಟಿನಲ್ಲಿ ನೆರವಾಗುವುದು ಹುಳಿ ಅಳೆಯುವ ಕಾಗದ ಒಂದೇ.

ಅಕ್ಕ ಹೆಚ್ಚು ನಂಬುವುದು ಎಚ್2ಎಸ್ (ಹೈಡ್ರೋಜನ್ ಸಲ್ಫೈಡ್) ಸೀಸೆಯನ್ನು. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಈ ಪರೀಕ್ಷೆಯಲ್ಲಿ ನೀರನ್ನು ಪುಟ್ಟ ಸೀಸೆಗೆ ತುಂಬಿ ಇಟ್ಟರೆ, ಮಲದಿಂದ ಬರುವ ಬ್ಯಾಕ್ಟೀರಿಯಾಗಳಿದ್ದ ಪಕ್ಷದಲ್ಲಿ ಒಂದೆರಡು ದಿನಗಳೊಳಗೆ ಒಳಗಿನ ಪಟ್ಟಿ ಮತ್ತು ನೀರು ಕಪ್ಪಾಗುತ್ತವೆ. ಜನವರಿಯ ಚಳಿಗೆ ಅದು ನಿಧಾನವಾಗುವುದರಿಂದ ಅಕ್ಕ ಸೀಸೆಗಳನ್ನು ಅಡುಗೆಮನೆಯಲ್ಲಿ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದರು. ಜಾವಳಿಯಿಂದ ನಾವು ತುಂಬಿ ತಂದ ಸೀಸೆಯನ್ನು ಇಡೀ ಹಿಂದಿನ ದಿನ ರೈಟರಣ್ಣ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದರು, ಅದು ತಿಳಿಯಾಗಿತ್ತು. ಊರಿನ ಕೆಳಗಿನ ಕಡವಿನದು ಮಸಿಯಷ್ಟು ಕಪ್ಪಾಗಿತ್ತು. ಆ ಕಪ್ಪಿಗೂ ಕಾಫಿಗೂ ಸಂಬಂಧವಿಲ್ಲ. ಅದಕ್ಕೆ ಕಾರಣ ಶೌಚಗುಂಡಿ, ಕೊಟ್ಟಿಗೆ, ಮೇಲೆ ಹೊಸದಾಗಿ ಎದ್ದಿರುವ ಹೋಂಸ್ಟೇಗಳು. "ಎಲ್ಲ ತೋಟದೋರ ಮೇಲೆ ಹಾಕಿಬಿಟ್ರೆ ನಮ್ಮನೆ ಬಚ್ಚಲು ಯಾರು ನೋಡ್ತಾರೆ?" ಎಂದು ಅಕ್ಕ ಕೇಳಿದರು.

ನಾಲ್ಕನೆಯ ದಿನ: ಸಕಲೇಶಪುರ

ಸಕಲೇಶಪುರದಲ್ಲಿ ಹೇಮಾವತಿ ಹಳ್ಳವಲ್ಲ, ಅಗಲವಾದ ಹೊಳೆ. ಹೊಳೆ ಮಲ್ಲೇಶ್ವರ ದೇವಸ್ಥಾನದ ಬಳಿ ಇಳಿದು ನೋಡಿದಾಗ ಜನ ಬಟ್ಟೆ ಒಗೆಯುತ್ತಿದ್ದರು. ಇಲ್ಲಿ ಪಟ್ಟಣದ ಚರಂಡಿಯ ನೀರೂ ಸೇರುವುದರಿಂದ ಯಾವ ಕೊಳೆ ಎಲ್ಲಿಯದೆಂದು ಬಿಡಿಸುವುದು ಸೀಸೆಗಳಿಂದ ಆಗುವ ಕೆಲಸವಲ್ಲ. ಬಲೆ ಹಾಕಿದಾಗ ಮೇಫ್ಲೈಗಳು ಕೆಲವು ಸಿಕ್ಕವು, ಸ್ಟೋನ್‌ಫ್ಲೈ ಒಂದೂ ಇರಲಿಲ್ಲ. ಕೆಸರಿನಿಂದ ಕೆಂಪು ಹುಳುಗಳು ಧಾರಾಳವಾಗಿ ಬಂದವು. ವೇಗ ತಗ್ಗಿದ ದೊಡ್ಡ ಹೊಳೆಯನ್ನು ಜಾವಳಿಯ ಕಲ್ಲಿನ ಹಳ್ಳದೊಂದಿಗೆ ಹೋಲಿಸುವುದು ತಪ್ಪೆಂದು ಮೇಷ್ಟ್ರು ತಮ್ಮ ಪುಸ್ತಕದಲ್ಲಿ ಬೇರೆಯೇ ಹಾಳೆ ಮಾಡಿದರು. ಅಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಉಳಿದ ಹೊತ್ತೆಲ್ಲ ಹೋಟೆಲೊಂದರ ಮೂಲೆಯ ಮೇಜಿನ ಮೇಲೆ ಲೆಕ್ಕ ಬರೆಯುವುದರಲ್ಲಿ ಕಳೆಯಿತು. ಪ್ರತಿ ಜಾಗಕ್ಕೂ ದಿನ, ಗಂಟೆ, ಮೇಲಿನ ಸೀಸೆ, ಕೆಳಗಿನ ಸೀಸೆ, ಹುಳುಗಳು, ಹಿಂದಿನ ಎರಡು ದಿನ ಮಳೆ ಬಂದಿತ್ತೇ ಇಲ್ಲವೇ ಎಂಬ ಕಾಲಮುಗಳು. ತೋಟದ ಹೆಸರಿಗೆ ಕಾಲಮಿಲ್ಲ. ಮೋರಿಯ ಗುರುತು ಮಾತ್ರ. ಒಂದು ಪ್ರತಿ ಗ್ರಾಮ ಪಂಚಾಯಿತಿಗೆ, ಇನ್ನೊಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ. ಬಿಳಿ ಮೋಡ ಎದ್ದ ಮೋರಿಯ ಎದುರು ಮೇಷ್ಟ್ರು ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಹತ್ತು ದಿನಗಳೊಳಗೆ ಮತ್ತೆರಡು ರಾತ್ರಿ ನೋಡುವುದೆಂದೂ, ಆಗಲೂ ಹಾಗೆಯೇ ಇದ್ದರೆ ಗಂಟೆಯ ಸಮೇತ ಲಿಖಿತ ದೂರು ಕೊಡುವುದೆಂದೂ ಬರೆದರು. ಮೊದಲ ರಾತ್ರಿಯ ಸರದಿಗೆ, ವಿಡಿಯೊ ಕಳುಹಿಸಲು ಹೊರಟಿದ್ದ ಹುಡುಗನೇ ತನ್ನ ಹೆಸರು ಹಾಕಿಸಿಕೊಂಡ.

ಸಂಜೆ ನಾನು ಬಸ್ಸು ಹತ್ತುವ ಹೊತ್ತಿಗೆ ರೈಟರಣ್ಣನಿಗೆ ಫೋನು ಬಂದಿತ್ತು. ಬೇರೊಂದು ಹಳ್ಳದ ದಡದ ಬೆಳೆಗಾರರೊಬ್ಬರು, ರೋಬಸ್ಟಾ ಕೊಯ್ಲು ಮುಂದಿನ ವಾರ ಶುರುವಾಗುತ್ತದೆ, ಅದಕ್ಕೆ ಮೊದಲು ತಮ್ಮ ತೊಟ್ಟಿಯನ್ನೊಮ್ಮೆ ನೋಡಿ ಹೋಗಬೇಕೆಂದು ಕರೆದಿದ್ದರು. ಸುಣ್ಣ ಎಷ್ಟು ಮೂಟೆ ತರಿಸಿದ್ದೀರಿ ಎಂದು ಅವರು ಕೇಳುತ್ತಿದ್ದಂತೆ ಹಾಸನದ ಬಸ್ಸು ಹೊರಟಿತು.